ಕೊಡಗಿನ ಸರ್ಕಾರಿ ಶಾಲಾ ಕಟ್ಟಡ: ಅಂದಾಜು ಮೀರುವ ಖರ್ಚನ್ನು ಮೊದಲೇ ಹಿಡಿಯುವುದು ಹೇಗೆ?

ಕೊಡಗಿನಲ್ಲಿ ಸರ್ಕಾರಿ ಶಾಲೆಯ ಕೊಠಡಿಯ ಖರ್ಚು ಅಂದಾಜನ್ನು ಮೀರಿದೆಯೆಂದು ಊರಿಗೆ ಗೊತ್ತಾಗುವುದು ಗೋಡೆ ಏಳುವ ಹೊತ್ತಿಗೆ. ಅದರ ಕಾರಣ ಮಾತ್ರ ಗುದ್ದಲಿ ಪೂಜೆಗೂ ಮೊದಲೇ ಕಾಗದದ ಮೇಲೆ ಕುಳಿತಿರುತ್ತದೆ. ಸಮತಟ್ಟು ನೆಲಕ್ಕೆಂದು ಮಾಡಿದ ಮಾದರಿ ನಕ್ಷೆಯನ್ನು ಇಳಿಜಾರಿನ ಶಾಲೆಗೂ ಹಾಗೆಯೇ ಹೊಂದಿಸಿದಾಗ, ಬಿಟ್ಟುಹೋದ ತಡೆಗೋಡೆ, ಚರಂಡಿ ಮತ್ತು ಅಡಿಪಾಯದ ಎತ್ತರ ಆಮೇಲೆ ಒಂದೊಂದಾಗಿ ಬಿಲ್ಲಿಗೆ ಬಂದು ಸೇರುತ್ತವೆ. ಆದ್ದರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಅಂದರೆ ಎಸ್‌ಡಿಎಂಸಿ ಸದಸ್ಯರು, ತಮ್ಮ ಶ್ರಮದ ದೊಡ್ಡ ಪಾಲನ್ನು ಕೆಲಸ ಶುರುವಾಗುವ ಮೊದಲೇ ಹಾಕುವುದು ಒಳ್ಳೆಯದು.

ಮೊದಲು ಕಾಗದಗಳನ್ನು ತರಿಸಿಕೊಳ್ಳಿ. ಕಟ್ಟಡ ಕಟ್ಟಿಸುತ್ತಿರುವುದು ಜಿಲ್ಲಾ ಪಂಚಾಯಿತಿಯ ಇಂಜಿನಿಯರಿಂಗ್ ವಿಭಾಗವೋ, ಲೋಕೋಪಯೋಗಿ ಇಲಾಖೆಯೋ, ನಿರ್ಮಿತಿ ಕೇಂದ್ರವೋ, ಕೆಆರ್‌ಐಡಿಎಲ್ ಎಂಬ ಸರ್ಕಾರಿ ನಿರ್ಮಾಣ ಸಂಸ್ಥೆಯೋ ಎಂಬುದನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಂಡು, ತಾಂತ್ರಿಕ ಮಂಜೂರಾತಿಯಾದ ಅಂದಾಜು ಪಟ್ಟಿ, ನಕ್ಷೆ ಮತ್ತು, ಆಗಲೇ ಹೊರಟಿದ್ದರೆ, ಕಾರ್ಯಾದೇಶದ ಪ್ರತಿಗಳನ್ನು ಸಮಿತಿಯ ಹೆಸರಿನಲ್ಲಿ ಕೇಳಿ. ಅನುದಾನದ ಬಳಕೆಯ ಮೇಲೆ ನಿಗಾ ಇಡುವ ಹೊಣೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲಾ ಸಮಿತಿಗೇ ವಹಿಸಿದೆ. ಹಾಗೆಯೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕಾದ್ದರಿಂದ, ಊರಿನ ಹಳೆಯ ತಕರಾರುಗಳನ್ನೆಲ್ಲ ಅದರಲ್ಲಿ ತುಂಬಲು ಹೋಗಬೇಡಿ.

ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಹಿಡಿದುಕೊಂಡು ಜಾಗಕ್ಕೆ ಹೋಗಿ. ಊರಿನ ಯಾವ ಗಾರೆ ಮೇಸ್ತ್ರಿಯ ಬಳಿಯಾದರೂ ಮಟ್ಟ ನೋಡುವ ಪಾರದರ್ಶಕ ಪೈಪ್ ಇರುತ್ತದೆ. ಅದರಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಒಂದು ತುದಿಯನ್ನು ಕಟ್ಟಡದ ಮೇಲ್ಬದಿಯ ಗೂಟಕ್ಕೂ ಇನ್ನೊಂದನ್ನು ಕೆಳಬದಿಯ ಗೂಟಕ್ಕೂ ಹಿಡಿದು, ನೀರು ನಿಂತ ಮಟ್ಟಕ್ಕೆ ಎರಡೂ ಕಡೆ ಗುರುತು ಹಾಕಿ, ಗುರುತಿನಿಂದ ನೆಲಕ್ಕಿರುವ ಎತ್ತರವನ್ನು ಎರಡೂ ಕಡೆ ಟೇಪಿನಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ಇಳಿಜಾರು ಎಷ್ಟೆಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಉದಾಹರಣೆಗೆ, ಜಗಲಿಯೂ ಸೇರಿ 6.5 ಮೀಟರ್ ಉದ್ದ, 8 ಮೀಟರ್ ಅಗಲದ ಕಟ್ಟಡಕ್ಕೆ ಪಟ್ಟಿಯಲ್ಲಿ 60 ಸೆಂಟಿಮೀಟರ್ ಪೀಠದ ಎತ್ತರ, ಅಂದರೆ ಹೊರನೆಲದಿಂದ ಕೊಠಡಿಯ ನೆಲದವರೆಗಿನ ಎತ್ತರ, ಇದ್ದರೆ, ಒಳಗೆ ತುಂಬುವ ಮಣ್ಣು ಸುಮಾರು 31 ಘನ ಮೀಟರ್. ಅದೇ ಜಾಗ ಅಗಲದ ಉದ್ದಕ್ಕೂ 1.6 ಮೀಟರ್ ಇಳಿದಿದ್ದರೆ, ಸರಾಸರಿ 80 ಸೆಂಟಿಮೀಟರ್ ಹೆಚ್ಚಿನ ಎತ್ತರಕ್ಕೆ ಇನ್ನೂ 41 ಘನ ಮೀಟರ್‌ಗಿಂತ ಹೆಚ್ಚು ಮಣ್ಣು ಬೇಕಾಗುತ್ತದೆ, ಜೊತೆಗೆ ಆ ಮಣ್ಣನ್ನು ತಡೆದು ನಿಲ್ಲಿಸುವ ಗೋಡೆಯೂ ದಪ್ಪವಾಗಬೇಕಾಗುತ್ತದೆ. ಈ ಒಂದು ಲೆಕ್ಕವನ್ನು ನಕ್ಷೆಯ ಮೇಲೆ ಬರೆದು ಸಹಾಯಕ ಇಂಜಿನಿಯರರಿಗೆ ಟೆಂಡರಿಗೆ ಮೊದಲೇ ಕೊಟ್ಟರೆ, ಹೆಚ್ಚುವರಿ ಕೆಲಸಕ್ಕೂ ಪೈಪೋಟಿಯ ದರವೇ ಸಿಗುತ್ತದೆ. ಆಮೇಲೆ ಕೊಟ್ಟರೆ ಪೈಪೋಟಿ ಇರುವುದಿಲ್ಲ.

ನಾನು ಸಮಿತಿಯಲ್ಲಿದ್ದಾಗ ನಾವು ಹೀಗೆ ಅಳೆಯಲಿಲ್ಲ. ಹಿಂಬದಿಯ ಬರೆಯನ್ನು, ಅಂದರೆ ಮಣ್ಣಿನ ದಿಬ್ಬವನ್ನು, ಜೆಸಿಬಿಯಲ್ಲಿ ನೇರವಾಗಿ ಕಡಿದು ಕೊಠಡಿ ಕಟ್ಟಿದರು. ತಡೆಗೋಡೆ ಪಟ್ಟಿಯಲ್ಲೇ ಇರಲಿಲ್ಲ. ಕಕ್ಕಡದ, ಅಂದರೆ ಆಷಾಢದ ಹೊತ್ತಿನ ಮಳೆಗೆ ಬರೆ ಜಾರಿ ಕಿಟಕಿಯ ಮಟ್ಟಕ್ಕೆ ಮಣ್ಣು ಬಂದು ನಿಂತಿತು. ಮುಂದಿನ ವರ್ಷ ತಡೆಗೋಡೆಗೆ ಬೇರೆ ಅನುದಾನ ಬಂತು, ಅದಕ್ಕೆ ಮೊದಲು ಮಣ್ಣು ತೆಗೆಯುವುದಕ್ಕೊಂದು ಬಿಲ್ಲೂ ಆಯಿತು. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಬರೆ ಕಡಿದ ಮೇಲೆ ತಡೆಗೋಡೆ ಬೇಕೇ ಎಂದು ಇನ್ನೂ ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಇಲ್ಲಿನ ಪಟ್ಟಿಯಲ್ಲಿ ಹುಡುಕಬೇಕಾದ ಇನ್ನೆರಡು ಸಂಗತಿಗಳಿವೆ. ಒಂದು ಮಾಡು, ಅಂದರೆ ಛಾವಣಿ: ಚಪ್ಪಟೆ ತಾರಸಿ ಹಾಕಿ ಸೋರತೊಡಗಿದ ಮೇಲೆ ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ನಮ್ಮಲ್ಲಿ ಎಲ್ಲರೂ ಕಂಡಿರುವ ನೋಟ, ಅಂದರೆ ಒಂದೇ ಕೊಠಡಿಗೆ ಎರಡು ಮಾಡಿನ ಖರ್ಚು. ಇಳಿಜಾರಿನ ಮಾಡನ್ನು ಮೊದಲೇ ಕೇಳಿ. ಇನ್ನೊಂದು ಲೀಡ್, ಅಂದರೆ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್ ಸಾಗಿಸುವ ದೂರದ ಲೆಕ್ಕ. ಕುಶಾಲನಗರಕ್ಕೆ ಹಾಕಿದ ಲೀಡ್ ಭಾಗಮಂಡಲದ ಕಡೆಯ ಶಾಲೆಗೆ ಸಾಲುವುದಿಲ್ಲ. ಲಾರಿ ಹೋಗದ ರಸ್ತೆಯಾದರೆ ಪಿಕಪ್‌ಗೆ ಬದಲಾಯಿಸುವ ಕೂಲಿಯೂ ಸೇರಬೇಕು.

ಕೆಲಸದ ಕಾಲವೂ ಖರ್ಚೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್‌ನಿಂದ ಕಾಫಿ ಕುಯ್ಲು ಶುರುವಾದರೆ ಕೂಲಿಯಾಳುಗಳು ತೋಟಕ್ಕೆ ಹೋಗುತ್ತಾರೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಡಿಪಾಯ ಅಕ್ಟೋಬರ್–ನವೆಂಬರ್‌ನಲ್ಲಿ ಮುಗಿಯುವಂತೆ ಕಾರ್ಯಾದೇಶ ಬರಬೇಕೆಂದು ಬೇಸಿಗೆಯಲ್ಲೇ ಬೆನ್ನು ಹತ್ತಿ.

ಕೆಲಸ ನಡೆಯುವಾಗ ಕೇಳಬೇಕಾದ ಎರಡು ಹೆಸರುಗಳು ವರ್ಕ್ ಸ್ಲಿಪ್ ಮತ್ತು ಇಐಆರ್‌ಎಲ್. ಪಟ್ಟಿಯಲ್ಲಿದ್ದ ಕೆಲಸದ ಪ್ರಮಾಣ ಹೆಚ್ಚು ಕಡಿಮೆಯಾದುದನ್ನು ಮೊದಲನೆಯದು ತೋರಿಸುತ್ತದೆ, ಪಟ್ಟಿಯಲ್ಲೇ ಇಲ್ಲದ ಹೊಸ ಕೆಲಸದ ದರವನ್ನು ಎರಡನೆಯದು. ಇವು ಬಂದ ಮಾತ್ರಕ್ಕೆ ಅನುಮಾನ ಬೇಡ; ಅಗೆದಾಗ ಗಟ್ಟಿ ಬಂಡೆ ಸಿಕ್ಕಿದರೆ ಯಾರೂ ಏನೂ ಮಾಡಲಾಗದು. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿದಾಗಲೂ 10 ಲಕ್ಷದ ಕೆಲಸಕ್ಕೆ 60 ಸಾವಿರ ತಾನಾಗಿ ಹೆಚ್ಚಿತು. ಬಂಡೆ ಎಂದು ಬರೆದ ಕಡೆ ಬಂಡೆ ಇತ್ತೇ ಎಂಬುದನ್ನು ನೋಡುವುದು ನಿಮ್ಮ ಕೆಲಸ. ಗುಂಡಿ ಮುಚ್ಚುವ ಮೊದಲು ಟೇಪು ಕಾಣುವಂತೆ ಫೋಟೋ ತೆಗೆದಿಡಿ, ಮುಂದೆ ಇಂಜಿನಿಯರರು ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿಯೊಂದಿಗೆ ಹೋಲಿಸಿ. ಕಬ್ಬಿಣಕ್ಕೂ ಸುಲಭದ ಪರೀಕ್ಷೆಯಿದೆ: ಮಿಲಿಮೀಟರ್‌ನಲ್ಲಿ ಸರಳಿನ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. 12 ಮಿಲಿಮೀಟರ್ ಸರಳು ಮೀಟರಿಗೆ ಸುಮಾರು 890 ಗ್ರಾಂ ತೂಗಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಣ್ಣುತಪ್ಪಿಸುವುದು ‘ಮುಂದುವರಿದ ಕಾಮಗಾರಿ’ ಎಂಬ ಎರಡು ಪದಗಳು. ಅನೇಕ ಯೋಜನೆಗಳಲ್ಲಿ ಒಂದು ಕೊಠಡಿಗೆ ಇಷ್ಟೆಂದು ಮೊತ್ತ ನಿಗದಿಯಾಗಿರುವುದರಿಂದ ಕಾಗದದಲ್ಲಿ ಖರ್ಚು ಮೀರುವುದೇ ಇಲ್ಲ. ಬದಲಿಗೆ ನೆಲಹಾಸು, ಇಳಿಜಾರು ದಾರಿ, ಬಣ್ಣ ಬಿಟ್ಟುಹೋಗಿ ಮುಂದಿನ ವರ್ಷ ಇನ್ನೊಂದು ಅನುದಾನದಿಂದ ಅದೇ ಕಟ್ಟಡಕ್ಕೆ ಹಣ ಬರುತ್ತದೆ. ಸಮಿತಿಯ ದಾಖಲೆ ಪುಸ್ತಕದಲ್ಲಿ ಕಟ್ಟಡಕ್ಕೊಂದು ಪುಟ ಬಿಟ್ಟು, ಯಾವ ಯೋಜನೆಯಿಂದ ಬಂದ ಹಣವಾದರೂ ಅಲ್ಲೇ ಕೂಡಿಸುತ್ತ ಹೋಗಿ. ಕಟ್ಟಡ ಹಸ್ತಾಂತರವಾದ ಮೇಲಿನ ಮೊದಲ ಜುಲೈಯಲ್ಲಿ, ಜೋರು ಮಳೆ ಹಿಡಿದಿರುವಾಗಲೇ ಒಳಗೆ ಹೋಗಿ, ಸೋರುವ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋದೊಂದಿಗೆ ಲಿಖಿತ ದೂರು ಕೊಡಿ. ಗುತ್ತಿಗೆದಾರರ ಠೇವಣಿ ಬಿಡುಗಡೆಯಾಗುವ ಮೊದಲು ಆ ದೂರು ಕಚೇರಿಯಲ್ಲಿ ಸ್ವೀಕೃತಿ ಮೊಹರು ಪಡೆದಿರಬೇಕು.