ಆರಾಮಾಗಿದ್ದಾಗಲೇ ತಪಾಸಣೆ: ಯಾವ ವಯಸ್ಸಿಗೆ ಏನು, ಎಲ್ಲಿ, ಹೇಗೆ

ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವವರಲ್ಲಿ ಅನೇಕರು ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಮುಂದೂಡುತ್ತಾ ಹೋಗಿ, ನೋವು ತಡೆಯಲಾಗದ ಹಂತದಲ್ಲಿ ಬಂದವರು. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ವರ್ಷಗಟ್ಟಲೆ ಯಾವ ತೊಂದರೆಯನ್ನೂ ತೋರಿಸದೆ ಮೂತ್ರಪಿಂಡ, ಕಣ್ಣು, ಹೃದಯಗಳನ್ನು ಹಾಳುಮಾಡುತ್ತವೆ. ಗರ್ಭಕಂಠದ ಕ್ಯಾನ್ಸರನ್ನು ಅದು ಕ್ಯಾನ್ಸರಾಗುವ ಮುನ್ನವೇ ಪತ್ತೆ ಹಚ್ಚಿ ತಡೆಯಬಹುದು, ಆದರೆ ಆ ಹಂತದಲ್ಲಿ ನೋವಿನ ಸುಳಿವೇ ಇರುವುದಿಲ್ಲ. ಹಾಗಾಗಿ ಮೈಯಲ್ಲಿ ಏನೂ ಇಲ್ಲ ಎನ್ನಿಸುವ ದಿನಗಳಲ್ಲೇ, ವಯಸ್ಸಿಗೆ ತಕ್ಕ ಕೆಲವೇ ಪರೀಕ್ಷೆಗಳನ್ನು ತಪ್ಪದೆ ಮಾಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮನೆಯಲ್ಲಿ ಕುಳಿತು ಬರೆಯುವ ಕೆಲಸ

ಆಸ್ಪತ್ರೆಗೆ ಹೊರಡುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ ತಂದೆ, ತಾಯಿ, ಒಡಹುಟ್ಟಿದವರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ಬರೆಯಿರಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65 ವರ್ಷದೊಳಗೆ ಹೃದಯಾಘಾತವಾಗಿದ್ದರೆ ನಿಮಗೂ ಅಪಾಯ ಹೆಚ್ಚು ಎಂದು ವೈದ್ಯರು ಪರಿಗಣಿಸುತ್ತಾರೆ. ತಾಯಿಗೋ ಅಕ್ಕನಿಗೋ ಸ್ತನದ ಕ್ಯಾನ್ಸರ್ ಆಗಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಬೇಕು. ಇದರ ಜೊತೆಗೆ ಇನ್ನು ಮೂರು ವಿಷಯಗಳು ಆ ಪುಟದಲ್ಲಿರಲಿ: ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅಡಿಕೆ, ಗುಟ್ಕಾ, ಬೀಡಿಯ ಅಭ್ಯಾಸವಿದೆಯೇ, ಮತ್ತು ದುಡಿಮೆ ಎಂಥದ್ದು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಅಕ್ಕಿ ಗಿರಣಿಯ ದೂಳಿನಲ್ಲಿ ಅಥವಾ ಜಲ್ಲಿ ಕ್ರಷರ್‌ನಲ್ಲಿ ದುಡಿಯುವವರು ಇದನ್ನು ತಾವಾಗಿ ಹೇಳದಿದ್ದರೆ, ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಬರೆಯಬೇಕೆಂದು ವೈದ್ಯರಿಗೆ ತೋಚದೆಯೇ ಹೋಗಬಹುದು.

ಎಲ್ಲಿಗೆ ಹೋಗಬೇಕು

30 ವರ್ಷ ದಾಟಿದ ಪ್ರತಿಯೊಬ್ಬರಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಹಳ್ಳಿಯವರು ಆಶಾ ಕಾರ್ಯಕರ್ತೆಯನ್ನು ಕೇಳಿ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ನಗರದವರಿಗೆ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಿವೆ. ಹೆಚ್ಚಿನ ಪರೀಕ್ಷೆ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಚಿತ್ರದುರ್ಗದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆ ಇದೆ.

ರಿಯಾಯಿತಿ ದರದ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವುಗಳಲ್ಲಿ ಹತ್ತಾರು ರಕ್ತಪರೀಕ್ಷೆಗಳಿರುತ್ತವೆ, ಆದರೆ ಬಾಯಿ ತೆರೆಸಿ ನೋಡುವ, ಗರ್ಭಕಂಠ ಪರೀಕ್ಷಿಸುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಪ್ಯಾಕೇಜುಗಳಲ್ಲಿ ಸೇರಿಸುವ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ನೋಡುವ ‘ಟ್ಯೂಮರ್ ಮಾರ್ಕರ್’ ಪರೀಕ್ಷೆಗಳು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕುವುದಕ್ಕೆ ಯೋಗ್ಯವಾದವಲ್ಲ. ಅಂಕಿ ತುಸು ಏರಿದ್ದರೂ ಮನೆಮಂದಿಯೆಲ್ಲ ದಿಗಿಲುಬಿದ್ದು ಸ್ಕ್ಯಾನಿಂಗ್‌ಗೆ ಅಲೆಯುವಂತಾಗುತ್ತದೆ. ವೈದ್ಯರನ್ನು ಕಂಡು, ಅವರು ಬರೆದುಕೊಟ್ಟ ಪರೀಕ್ಷೆಗಳನ್ನಷ್ಟೇ ಮಾಡಿಸುವುದು ಸರಿಯಾದ ದಾರಿ.

ಮಕ್ಕಳಿಗೆ

ತಾಯಿ ಕಾರ್ಡ್ ಇಲ್ಲಿ ಮುಖ್ಯ ದಾಖಲೆ. ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳಿಗೆ, 16ರಿಂದ 24 ತಿಂಗಳೊಳಗೆ, 5ರಿಂದ 6 ವರ್ಷದೊಳಗೆ, ಅನಂತರ 10 ಮತ್ತು 16ನೇ ವರ್ಷಗಳಲ್ಲಿ ಲಸಿಕೆಗಳು ಬರುತ್ತವೆ. ಚಿಕ್ಕಂದಿನಲ್ಲಿ ತಪ್ಪದೆ ಕೊಡಿಸಿದವರೂ 10 ಮತ್ತು 16ನೇ ವರ್ಷದವನ್ನು ಮರೆಯುವುದುಂಟು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಅಥವಾ ಶಾಲೆಗೆ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕಿವಿ ಕೇಳದಿರುವುದು, ಮಾತು ತಡವಾಗುವುದು, ದೃಷ್ಟಿದೋಷ ಇವೆಲ್ಲವನ್ನೂ ಅವರು 18 ವರ್ಷದವರೆಗೆ ನೋಡುತ್ತಾರೆ.

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಇದರ ಜೊತೆಗೆ ಮಕ್ಕಳ ಹಲ್ಲನ್ನೂ ನೋಡಬೇಕು. ಕೊಳವೆಬಾವಿಗಳು ಆಳಕ್ಕೆ ಇಳಿದಿರುವ ಬಯಲುಸೀಮೆಯ ಅನೇಕ ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು ಎಂಬುದು ಭಾರತೀಯ ಮಾನಕ. ಮಗುವಿನ ಹೊಸ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಗೆರೆ ಅಥವಾ ಕಂದು ಮಚ್ಚೆ ಕಂಡರೆ, ಎಷ್ಟು ಉಜ್ಜಿದರೂ ಅದು ಹೋಗದಿದ್ದರೆ, ನೀರನ್ನು ಪರೀಕ್ಷೆಗೆ ಕೊಡಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಫ್ಲೋರೈಡಿನಿಂದ ಮೂಳೆ, ಕೀಲು ಬಿಗಿಯುತ್ತಿವೆಯೇ ಎಂದು ನೋಡಲು ದೊಡ್ಡವರಿಗೆ ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಎತ್ತಿ ತಲೆಯ ಹಿಂದಕ್ಕೆ ಒಯ್ಯುವುದು. ಇವು ಕಷ್ಟವಾಗತೊಡಗಿದರೆ ವಯಸ್ಸಾಯಿತು ಎಂದು ಸುಮ್ಮನಾಗದೆ, ನೀರಿನ ಮೂಲದ ವಿವರದೊಂದಿಗೆ ವೈದ್ಯರನ್ನು ಕಾಣಬೇಕು.

ಹರೆಯದಿಂದ ಬಾಣಂತನದವರೆಗೆ

ಹೆಣ್ಣುಮಕ್ಕಳಿಗೆ ಮೊದಲ ಪರೀಕ್ಷೆ ಹಿಮೋಗ್ಲೋಬಿನ್. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ, ಗರ್ಭಿಣಿಯರಲ್ಲಿ ಈ ಮಿತಿ 11 ಗ್ರಾಂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು. ಅದರ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ಸರಿಯಾದ ವಯಸ್ಸು. ಪರೀಕ್ಷೆಯ ಒತ್ತಡದಲ್ಲಿ ನಿದ್ದೆ, ಊಟ ಬಿಟ್ಟ ಮಕ್ಕಳಿಗಾಗಿ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿ ಇದೆ.

ಗರ್ಭಿಣಿಯೆಂದು ತಿಳಿದ ಕೂಡಲೇ, 12 ವಾರಗಳೊಳಗೆ, ಹೆಸರು ನೋಂದಾಯಿಸಬೇಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ವೈದ್ಯರ ಉಚಿತ ತಪಾಸಣೆ ನಡೆಯುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಹೆರಿಗೆಯಾಗಿ 6 ವಾರಕ್ಕೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಮಗುವಿನ ಆರೈಕೆಯ ನಡುವೆ ಇದು ಮರೆತುಹೋಗುತ್ತದೆ, ಆದರೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿರುವವರು ಇವರೇ.

30 ದಾಟಿದ ಮೇಲೆ

ಬಿ.ಪಿ.ಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು, ಮತ್ತು ಅಳೆಯುವ ಕ್ರಮ ಸರಿಯಿರಬೇಕು. ಬಸ್ಸಿಳಿದು ಓಡಿಬಂದ ಉಸಿರಿನಲ್ಲೇ ಕೈ ಚಾಚಬೇಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಬೀಡಿ ಬಿಟ್ಟು, ಮೂತ್ರ ಮಾಡಿಬಂದು, ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳು ಎದೆಯ ಮಟ್ಟದಲ್ಲಿರುವಂತೆ ಮೇಜಿನ ಮೇಲಿಟ್ಟು ಅಳೆಸಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೇರೊಂದು ದಿನ ಮತ್ತೆ ನೋಡಿಸಬೇಕು. ಸಕ್ಕರೆಗೆ ಕನಿಷ್ಠ 8 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ರಕ್ತ ಕೊಡಿ, ನೀರು ಕುಡಿಯಬಹುದು. 100ರಿಂದ 125 ಇದ್ದರೆ ಎಚ್ಚರಿಕೆಯ ಹಂತ, 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಇದಕ್ಕೆ ಮನೆಯಲ್ಲಿರುವ ದರ್ಜಿ ಟೇಪು ಸಾಕು.

ಬಾಯಿಯ ತಪಾಸಣೆ ಈ ಸೀಮೆಯಲ್ಲಿ ಬಹಳ ಮುಖ್ಯ. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದಲೇ ಬರುತ್ತದೆ. ಆದರೂ ತಂಬಾಕು ಬೆರೆಸದೆ ಅಗಿದ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿರ್ಣಯಿಸಿರುವುದನ್ನು ಹೇಳದೆ ಇರಲಾಗದು. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಬೆಳಕಿನಲ್ಲಿ ನಿಲ್ಲಿ. ತುಟಿಯ ಒಳಭಾಗ, ಎರಡೂ ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು ಮತ್ತು ಕೆಳಭಾಗ, ಅಂಗುಳ ಹೀಗೆ ಒಂದೊಂದನ್ನೇ ನೋಡಿ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಇವು ಕಂಡರೆ ದಂತವೈದ್ಯರಲ್ಲಿಗೆ ಹೋಗಿ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಿಡಿಸಲಾಗದಷ್ಟು ಬಾಯಿ ಬಿಗಿದಿದ್ದರೆ ತಡಮಾಡಲೇಬೇಡಿ. ತಂಬಾಕು ಬಿಡಲು ನೆರವು ಬೇಕಾದವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹೆಣ್ಣುಮಕ್ಕಳ ಗರ್ಭಕಂಠ ಪರೀಕ್ಷೆಗೆ ಸರ್ಕಾರಿ ಕೇಂದ್ರಗಳಲ್ಲಿ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ, ಒಂದು ನಿಮಿಷ ಬಿಟ್ಟು, ಬಿಳಿಚುತ್ತದೆಯೇ ಎಂದು ನೋಡುತ್ತಾರೆ. ಚುಚ್ಚುವುದು ಕೊಯ್ಯುವುದು ಇಲ್ಲ, ಕೆಲವೇ ನಿಮಿಷಗಳ ಕೆಲಸ, ಐದು ವರ್ಷಕ್ಕೊಮ್ಮೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಮಹಿಳಾ ಸಿಬ್ಬಂದಿಯೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ನಾಚಿಕೆಯಿಂದ ಹಿಂಜರಿಯುವ ಅತ್ತೆ, ಸೊಸೆ, ನಾದಿನಿಯರು ಒಟ್ಟಿಗೆ ಹೋದರೆ ಧೈರ್ಯ ಬರುತ್ತದೆ. ಸ್ತನದಲ್ಲಿ ಗಂಟು, ಚರ್ಮ ಒಳಸರಿದಿರುವುದು, ಮೊಲೆತೊಟ್ಟಿನಿಂದ ರಕ್ತ ಇವುಗಳಿಗೆ ವಯಸ್ಸಿನ ಮಿತಿಯಿಲ್ಲ, ಕಂಡ ವಾರವೇ ತೋರಿಸಬೇಕು.

40ರ ನಂತರ ಮತ್ತು ಇಳಿವಯಸ್ಸಿನಲ್ಲಿ

40ರ ನಂತರ ಕೊಲೆಸ್ಟರಾಲ್ ಮತ್ತು ಕಣ್ಣಿನೊತ್ತಡ ಪರೀಕ್ಷೆಗಳು ಸೇರುತ್ತವೆ. ಸ್ತನದ ಎಕ್ಸ್‌ರೇ ಆದ ಮ್ಯಾಮೋಗ್ರಾಂ ಯಾವಾಗ ಬೇಕೆಂದು ವೈದ್ಯರೊಡನೆ ಮಾತಾಡಿ ನಿರ್ಧರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿ ಪ್ರೋಟೀನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಹಾಗೂ ಪಾದಗಳ ಪರೀಕ್ಷೆ ಕಡ್ಡಾಯ. 60 ದಾಟಿದವರಿಗೆ ಕಣ್ಣಿನ ಪೊರೆ, ಕಿವಿ, ಮರೆವು, ನಡಿಗೆಯಲ್ಲಿ ತೂರಾಟ ಇವನ್ನು ನೋಡಿಸಬೇಕು. ಈಚೆಗೆ ಒಮ್ಮೆಯಾದರೂ ಬಿದ್ದಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ, ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಒಂದೇ ಔಷಧಿ ಎರಡು ಹೆಸರಿನಲ್ಲಿ ಸೇವನೆಯಾಗುತ್ತಿರುವುದು ಹೀಗೆಯೇ ಬೆಳಕಿಗೆ ಬರುವುದು.

ವರದಿ ಕೈಗೆ ಬಂದ ಮೇಲೆ

ವರದಿಯಲ್ಲಿ ದಪ್ಪ ಅಕ್ಷರದಲ್ಲಿರುವ ಅಂಕಿಯನ್ನೆಲ್ಲ ಕಾಯಿಲೆಯೆಂದು ತಿಳಿಯಬೇಕಿಲ್ಲ, ಆದರೆ ವರದಿಯನ್ನು ವೈದ್ಯರಿಗೆ ತೋರಿಸದೆ ಬೀರುವಿನಲ್ಲಿಡಲೂಬಾರದು. ಪ್ರತಿಯೊಬ್ಬರಿಗೂ ಒಂದು ಫೈಲ್ ಮಾಡಿ, ಹೊಸದನ್ನು ಮೇಲಿಟ್ಟು, ಮುಂದಿನ ತಪಾಸಣೆಯ ತಿಂಗಳನ್ನು ಹೊದಿಕೆಯ ಮೇಲೆ ಬರೆಯಿರಿ. ಮಾತ್ರೆ ಶುರುವಾದ ಮೇಲೆ ಬಿ.ಪಿ. ಹತೋಟಿಗೆ ಬಂದರೆ ಅದು ಮಾತ್ರೆಯ ಪರಿಣಾಮ, ಆದ್ದರಿಂದ ತಾವಾಗಿ ನಿಲ್ಲಿಸಬಾರದು. ಆ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಗುತ್ತವೆ. ದೊಡ್ಡ ಚಿಕಿತ್ಸೆ ಬೇಕೆಂದಾದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕೆ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಈ ಪತ್ರವನ್ನೂ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನೂ ಕೇಳುತ್ತಾರೆ. ಇವುಗಳ ಪ್ರತಿಯೂ ಅದೇ ಫೈಲಿನಲ್ಲಿರಲಿ.