ಕೋಡ್ ಅಳಿಸುವ ಮೊದಲು ಇಷ್ಟು ನೋಡಿ

"ಕೋಡ್ ಬಂದಿತ್ರಿ, ಅಳಿಸಿಬಿಟ್ಟೆ. ಮತ್ತ ಲೈಟ್ ಹತ್ತೇತ್ರಿ." ಹುಬ್ಬಳ್ಳಿಯ ನಮ್ಮ ಗ್ಯಾರೇಜಿನಲ್ಲಿ ಈ ಮಾತು ಈಗ ಮಾಮೂಲು. ಕೋಡ್ ಎಂದರೆ ಚೆಕ್ ಎಂಜಿನ್ ಲೈಟ್ ಹತ್ತಿದಾಗ ಕಾರಿನ ಕಂಪ್ಯೂಟರ್ ಬರೆದಿಡುವ ತೊಂದರೆಯ ಸಂಖ್ಯೆ. ಮೊಬೈಲ್‌ನಲ್ಲೇ ಕಾರು ಪರೀಕ್ಷಿಸುವುದು ಒಳ್ಳೆಯದೇ, ಎಲ್ಲರೂ ಕಲಿಯಬೇಕು. ಆದರೆ ಅಳಿಸುವ ಬಟನ್ ಕೊನೆಯ ಕೆಲಸ, ಮೊದಲನೆಯದಲ್ಲ.

ಬೇಕಾಗುವುದು ಕಾರಿನ ಕಂಪ್ಯೂಟರ್ ಮಾಹಿತಿಯನ್ನು ಮೊಬೈಲ್‌ಗೆ ತರುವ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರ್, ಜೊತೆಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್. ಐಫೋನ್ ಇದ್ದವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವ ಅಡಾಪ್ಟರನ್ನೇ ಕೇಳಿ ತೆಗೆದುಕೊಳ್ಳಿ. ತೀರಾ ಅಗ್ಗದ ನಕಲು ಮಾಲು ಬೇಡ, ನಡುವೆ ಕನೆಕ್ಷನ್ ಕಟ್ ಆಗಿ ತಲೆ ಕೆಡಿಸುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ ಒಬಿಡಿ, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಪತ್ತೆಹಚ್ಚಿ ದಾಖಲಿಸುವ ವ್ಯವಸ್ಥೆ, ಇದ್ದೇ ಇರುತ್ತದೆ. 2013ರ ಏಪ್ರಿಲ್ ನಂತರದ ಬಿಎಸ್4 ಕಾರುಗಳಲ್ಲೂ ಕೆಲಸ ಮಾಡುತ್ತದೆ. ಇದರ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಇರುತ್ತದೆ. ಅಡಾಪ್ಟರ್ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಆ್ಯಪ್ ಜೋಡಿಸಿ. ಇಷ್ಟೇ.

ಕೋಡ್ ಬಂತೇ? ಬರೆದಿಟ್ಟುಕೊಳ್ಳಿ. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಕೋಡ್ ತೊಂದರೆ ಎಲ್ಲಿ ಕಂಡಿತು ಎನ್ನುತ್ತದೆಯೇ ಹೊರತು ಯಾವ ಪಾರ್ಟ್ ಬದಲಿಸಬೇಕು ಎನ್ನುವುದಿಲ್ಲ. ಅದಕ್ಕೇ ಮುಂದಿನದು ಫ್ರೀಜ್ ಫ್ರೇಮ್. ಕೋಡ್ ದಾಖಲಾದ ಆ ಕ್ಷಣದಲ್ಲಿ ಆರ್‌ಪಿಎಂ, ವೇಗ, ಕೂಲೆಂಟ್ ಬಿಸಿ ಎಷ್ಟಿತ್ತು ಎಂಬುದು ಅಲ್ಲಿರುತ್ತದೆ. ಸ್ಕ್ರೀನ್‌ಶಾಟ್ ತೆಗೆಯಿರಿ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ, ಆಮೇಲೆ ಮೆಕ್ಯಾನಿಕ್‌ಗೂ ಸಿಗುವುದಿಲ್ಲ.

ನಿಜವಾದ ರುಚಿ ಇರುವುದು ಲೈವ್ ಡೇಟಾದಲ್ಲಿ, ಅಂದರೆ ಎಂಜಿನ್ ಓಡುತ್ತಿರುವಾಗಲೇ ಆ್ಯಪ್ ತೋರಿಸುವ ಅಂಕಿಗಳಲ್ಲಿ. ಒಂದು ಹಳೆಯ ಪೆಟ್ರೋಲ್ ಸೆಡಾನ್ ಪಿ0171 ಕೋಡ್ ಹೊತ್ತು ಬಂದಿತ್ತು. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಅದರ ಯಜಮಾನರು ಆಕ್ಸಿಜನ್ ಸೆನ್ಸರ್ ಆಗಲೇ ಬದಲಿಸಿದ್ದರು. ನಾನು ಫ್ಯೂಯೆಲ್ ಟ್ರಿಮ್ ತೆರೆದೆ, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಕ್ಷಣಕ್ಷಣದ್ದು ಶಾರ್ಟ್ ಟರ್ಮ್, ನಿಧಾನವಾಗಿ ಕಲಿತದ್ದು ಲಾಂಗ್ ಟರ್ಮ್. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಲಾಂಗ್ ಟರ್ಮ್ ಶೇ. 20ರ ಆಸುಪಾಸು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಶಾರ್ಟ್ ಟರ್ಮ್ ಕೆಳಗಿಳಿದು, ಎರಡರ ಮೊತ್ತ ಶೇ. 5ಕ್ಕೆ ಬಂತು. ಆ ಕಾರಿನಲ್ಲಿ ಒಳಬರುವ ಗಾಳಿ ಅಳೆಯಲು ಏರ್ ಫ್ಲೋ ಸೆನ್ಸರ್ ಇದೆ. ಅದನ್ನು ತಪ್ಪಿಸಿ ಎಲ್ಲೋ ಗಾಳಿ ನುಗ್ಗುತ್ತಿದ್ದರೆ ಐಡಲ್‌ನಲ್ಲಿ ಅದರ ಪಾಲು ದೊಡ್ಡದು, ಆರ್‌ಪಿಎಂ ಏರಿದಂತೆ ಸಣ್ಣದು. ಬಗ್ಗಿ ನೋಡಿದರೆ ಇನ್‌ಟೇಕ್ ರಬ್ಬರ್ ಪೈಪಿನ ಮಡಿಕೆಯೊಳಗೆ ಬಿರುಕು. ಬೆರಳಿಂದ ಅಗಲಿಸಿದರಷ್ಟೇ ಕಾಣುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಈ ಎರಡು ಟ್ರಿಮ್ ಕೂಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಕಾರು ಚೆನ್ನಾಗಿರುವಾಗಲೇ ಒಮ್ಮೆ ಈ ಅಂಕಿಗಳನ್ನು ನೋಡಿ ಬರೆದಿಡಿ: ಟ್ರಿಮ್, ಕೂಲೆಂಟ್ ಬಿಸಿ, ಚಾರ್ಜಿಂಗ್ ವೋಲ್ಟೇಜ್. ಮುಂದೆ ಹೋಲಿಸಲು ಇದಕ್ಕಿಂತ ಒಳ್ಳೆಯ ಆಧಾರ ಸಿಗದು.

ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಇದೆಲ್ಲ ಆಮೇಲೆ. ಮಿಸ್‌ಫೈರ್ ಜೋರಾಗಿದೆ ಎಂದರ್ಥ, ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಬಿಡುತ್ತದೆ, ಅದು ದುಬಾರಿ ಪಾರ್ಟ್. ಏರ್‌ಬ್ಯಾಗ್, ಎಬಿಎಸ್ ಲೈಟ್‌ಗಳಿಗೆ ಈ ಸಣ್ಣ ಅಡಾಪ್ಟರ್ ಹಲವು ಕಾರುಗಳಲ್ಲಿ ಸಾಲದು, ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಬೇಕು. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರುತ್ತದೆ.