ಕೆರೆ ಮೀನಿನ ಎಣ್ಣೆ: ತೆಗೆಯುವ ಕ್ರಮ, ಬಳಕೆಯ ಮಿತಿ

ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಮಾರುಕಟ್ಟೆಯಲ್ಲಿ ಕೊಯ್ದು ಕೊಡುವಾಗ, ಕರುಳಿನ ಸುತ್ತ ಅಂಟಿಕೊಂಡಿರುವ ಬಿಳಿ-ಹಳದಿ ಕೊಬ್ಬೂ ಕಸಕ್ಕೆ ಸೇರುತ್ತದೆ. ತೌಡು, ಶೇಂಗಾ ಹಿಂಡಿ ತಿಂದು ಬಲಿತ ಮೀನಿನಲ್ಲಿ ಈ ಕೊಬ್ಬು ಸಾಕಷ್ಟಿರುತ್ತದೆ. ಎಣ್ಣೆಗೆ ಬೇಕಾದದ್ದು ಇದೇ.

ಮೊದಲ ಕೆಲಸವೇ ಅತ್ಯಂತ ಎಚ್ಚರಿಕೆಯದು. ಯಕೃತ್ತಿಗೆ ಹತ್ತಿಕೊಂಡಿರುವ ಕಡು ಹಸಿರು ಬಣ್ಣದ ಪಿತ್ತಕೋಶವನ್ನು ಒಡೆಯದಂತೆ ಬಿಡಿಸಿ ಎಸೆಯಬೇಕು. ಈ ಮೂರೂ ಸೇರುವ ಕಾರ್ಪ್ ಜಾತಿಯ ಮೀನುಗಳ ಪಿತ್ತದಲ್ಲಿರುವ ವಿಷಾಂಶವು ಮೂತ್ರಪಿಂಡ ಮತ್ತು ಯಕೃತ್ತಿಗೆ ಹಾನಿ ಮಾಡುತ್ತದೆ. ಔಷಧವೆಂದು ನಂಬಿ ರೋಹುವಿನ ಪಿತ್ತಕೋಶವನ್ನು ಹಸಿಯಾಗಿಯೇ ನುಂಗಿದವರು ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕುದಿಸಿದರೂ ಈ ವಿಷ ಹೋಗುವುದಿಲ್ಲವಾದ್ದರಿಂದ, ಪಿತ್ತ ತಗುಲಿದ ಕೊಬ್ಬನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ.

ಕೊಬ್ಬನ್ನು ಕರುಳಿನಿಂದ ಬೇರ್ಪಡಿಸಿ, ತಣ್ಣೀರಿನಲ್ಲಿ ರಕ್ತ ಹೋಗುವವರೆಗೆ ತೊಳೆದು, ಸಣ್ಣಗೆ ಹೆಚ್ಚಬೇಕು. ಮೀನು ಕೊಯ್ದ ದಿನವೇ ಈ ಕೆಲಸ ಮುಗಿಯಬೇಕು. ತಡವಾದಷ್ಟೂ ಎಣ್ಣೆಯ ಆಮ್ಲೀಯತೆ ಏರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕೊಬ್ಬಿನಷ್ಟೇ ನೀರು ಹಾಕಿ, ಕೊತಕೊತ ಕುದಿಯಲು ಬಿಡದೆ, 80ರಿಂದ 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಅರ್ಧ ಗಂಟೆ ಕಾಯಿಸಬೇಕು. ಕೊಬ್ಬಿನ ತುಂಡುಗಳು ಕುಗ್ಗಿ, ಮೇಲೆ ಹೊಂಬಣ್ಣದ ಪದರ ಕಟ್ಟಿದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿ ಹಿಂಡಬೇಕು. ಸೋಸಿದ್ದನ್ನು ಅಲುಗಿಸದೆ ಬಿಟ್ಟರೆ ನೀರು ತಳಕ್ಕಿಳಿಯುತ್ತದೆ. ಮೇಲಿನ ಎಣ್ಣೆಯನ್ನು ತೆಗೆದು, ಬಿಸಿನೀರು ಬೆರೆಸಿ ಎರಡು ಮೂರು ಬಾರಿ ತೊಳೆದು, ಉಳಿದ ತೇವ ಆರುವಂತೆ ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಿ, ಕಂದು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಫ್ರಿಜ್‌ನಲ್ಲಿಡಬೇಕು. ಗಾಳಿ, ಬೆಳಕು, ಶಾಖ ಮೂರೂ ಮೀನೆಣ್ಣೆಯನ್ನು ಬೇಗ ಕಮಟಾಗಿಸುತ್ತವೆ. ತಂಪಿನಲ್ಲಿ ತಳದಲ್ಲಿ ಗಟ್ಟಿ ಪದರ ಕೂತರೆ ಗಾಬರಿಯಾಗಬೇಕಿಲ್ಲ, ಅದು ಸಂತೃಪ್ತ ಕೊಬ್ಬು.

ಹೀಗೆ ಮನೆಯಲ್ಲಿ ತೆಗೆದ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಸೇವಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ 2017ರಲ್ಲಿ ಮೀನೆಣ್ಣೆಗೆ ವಿಧಿಸಿದ ಮಿತಿಯಂತೆ ಎಣ್ಣೆ ಗಾಳಿಗೆ ಕೆಟ್ಟಿರುವುದನ್ನು ತೋರಿಸುವ ಪೆರಾಕ್ಸೈಡ್ ಮೌಲ್ಯ 5ನ್ನೂ, ಆಮ್ಲೀಯತೆಯನ್ನು ತೋರಿಸುವ ಆಮ್ಲ ಮೌಲ್ಯ 3ನ್ನೂ ಮೀರುವಂತಿಲ್ಲ; ಇದನ್ನು ಮೂಗಿನಿಂದ ಅಳೆಯಲಾಗದು. ಕೊಳಕು ನೀರು ಸೇರುವ ಕೆರೆಯ ಮೀನಾದರೆ, ಕೊಬ್ಬಿನಲ್ಲಿ ಶೇಖರವಾಗುವ ಕೀಟನಾಶಕಗಳ ಭಯವೂ ಇದೆ. ಪರೀಕ್ಷೆಯಲ್ಲಿ ಸೋತ ಎಣ್ಣೆಯನ್ನು ಸಾಬೂನಿಗೆ ಬಳಸಬಹುದು.

ಆರೋಗ್ಯದ ಲಾಭವನ್ನೂ ಅಳತೆಯಲ್ಲೇ ಹೇಳಬೇಕು. ಬೂತಾಯಿಯಂಥ ಕಡಲ ಮೀನಿನ ಎಣ್ಣೆಗೆ ಹೋಲಿಸಿದರೆ ಸಾಕಣೆಯ ಕಾರ್ಪ್ ಎಣ್ಣೆಯಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಆಮ್ಲಗಳು ಕಡಿಮೆ. ಒಲಿಯಿಕ್ ಎಂಬ ಬೇರೆ ಕೊಬ್ಬಿನಾಮ್ಲವೇ ಹೆಚ್ಚು. ಹೆಚ್ಚಿನ ಪ್ರಮಾಣದ ಒಮೆಗಾ-3 ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತಗ್ಗಿಸುತ್ತದೆ ಎಂಬುದು ದೃಢಪಟ್ಟಿದೆ. ಆದರೆ ಅಮೆರಿಕದ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ವೈಟಲ್ ಅಧ್ಯಯನದಲ್ಲಿ, ದಿನಕ್ಕೆ 1 ಗ್ರಾಂ ಒಮೆಗಾ-3 ಸೇವಿಸಿದವರಲ್ಲಿ ಪ್ರಮುಖ ಹೃದ್ರೋಗ ಘಟನೆಗಳು ಗಣನೀಯವಾಗಿ ಇಳಿಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಯಾವ ಮೀನೆಣ್ಣೆಯನ್ನೂ ಆರಂಭಿಸಬಾರದು.